ಶಿಕಾಗೋ ಕಡೆ ಬದನೆ, ಟೊಮ್ಯಾಟೊ ಸಸಿ ಹೊರಗೆ ನೆಡೋದು ಯಾವಾಗ? ಫ್ರಾಸ್ಟ್ (ರಾತ್ರಿ ನೆಲದ ಮೇಲೆ ಕಟ್ಟುವ ಹಿಮ), ಮೊಲ, ಹುಳದ ಬಗ್ಗೆಯೂ ಹೇಳಿ

ನೇಪರ್‌ವಿಲ್ ಹೊಸಬ · ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಅಪಾರ್ಟ್‌ಮೆಂಟ್ ಬಿಟ್ಟು ನೇಪರ್‌ವಿಲ್‌ನಲ್ಲಿ ಮನೆ ಮಾಡಿದ್ದೇವೆ. ಹಿತ್ತಲಲ್ಲಿ ಬಿಸಿಲು ಚೆನ್ನಾಗಿ ಬೀಳುವ ಒಂದಿಷ್ಟು ಜಾಗ ಇದೆ. ಹಿಂದಿನ ಮನೆಯವರು ಎರಡು ಮರದ ಮಡಿ ಬಿಟ್ಟು ಹೋಗಿದ್ದಾರೆ. ಒಂದರಲ್ಲಿ ಹೋದ ವರ್ಷದ ಬದನೆ ಗಿಡದ ಒಣಕಡ್ಡಿ ಇನ್ನೂ ಹಾಗೇ ನಿಂತಿದೆ.

ಮಾರ್ಚ್ ಶುರುವಿನಲ್ಲೇ ಕಿಟಕಿ ಹತ್ತಿರ ಲೈಟ್ ಹಾಕಿ ಬದನೆ, ಟೊಮ್ಯಾಟೊ, ಹಸಿಮೆಣಸಿನಕಾಯಿ ಬೀಜ ಹಾಕಿದ್ದೆ. ಸಸಿ ಈಗ ಗೇಣುದ್ದ ಆಗಿವೆ. ಕಳೆದ ವಾರ ಇಲ್ಲಿ ಹಗಲು 72 ಡಿಗ್ರಿ (ಫ್ಯಾರನ್‌ಹೀಟ್) ಇತ್ತು. ದೊಡ್ಡ ಅಂಗಡಿಗಳ ಮುಂದೆ ಆಗಲೇ ಟೊಮ್ಯಾಟೊ ಗಿಡ ಸಾಲಾಗಿ ಇಟ್ಟಿದ್ದಾರೆ. ಅದನ್ನು ನೋಡಿದರೆ ನಾವೂ ನೆಟ್ಟುಬಿಡೋಣ ಅನಿಸುತ್ತದೆ. ಆದರೆ ಪಕ್ಕದ ಮನೆಯವರು ಬೇಲಿ ಮೇಲಿಂದ ಬಗ್ಗಿ ನೋಡಿ "ಇಷ್ಟು ಬೇಗನಾ?" ಅಂತ ನಕ್ಕರು. ಶುಕ್ರವಾರ ರಾತ್ರಿ 36 ಡಿಗ್ರಿ ಅಂತ ಫೋನ್ ತೋರಿಸುತ್ತಿದೆ. ನೀರು ಹೆಪ್ಪುಗಟ್ಟುವ 32ಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ ಅಲ್ವಾ?

ಇನ್ನೊಂದು ವಿಷಯ. ಹಿತ್ತಲ ತುಂಬ ಮೊಲ. ಬೆಳಗ್ಗೆ ಕಾಫಿ ಹಿಡಿದು ನಿಂತರೆ ಮೂರ್ನಾಲ್ಕು ಓಡಾಡುತ್ತಿರುತ್ತವೆ. ಮಗಳಿಗೆ ಖುಷಿ, ನನಗೆ ಭಯ.

ಜೂನ್‌ನಲ್ಲಿ ಮೈಸೂರಿಂದ ಅಪ್ಪ ಅಮ್ಮ ಬರುತ್ತಾರೆ. ಅಮ್ಮನಿಗೆ ಬಂದ ಕೂಡಲೇ ಹಿತ್ತಲು ನೋಡಬೇಕು. ಅವರು ಬರುವ ಹೊತ್ತಿಗೆ ಸೊಪ್ಪಾದರೂ ಇರಲಿ, ಆಮೇಲೆ ಅವರೆಕಾಯಿ ಬಂದರೆ ಇನ್ನೂ ಒಳ್ಳೇದು ಅಂತ ಆಸೆ. ಅಮ್ಮ ಬೀಜ ತರುತ್ತೇನೆ ಅಂತಲೂ ಹೇಳುತ್ತಿದ್ದಾರೆ. ತರಬಹುದಾ? ತಿಳಿದವರು ಸ್ವಲ್ಪ ಹೇಳಿ.

---

ಡಲ್ಲಾಸ್ ಬಿಸಿಲು · ಏಪ್ರಿಲ್ 14

ನಾವಿಲ್ಲಿ ಮಾರ್ಚ್ ಮೂರನೇ ವಾರದಲ್ಲೇ ಟೊಮ್ಯಾಟೊ ನೆಟ್ಟಾಯ್ತು, ಹೂವೂ ಬಂದಿದೆ. ನಿಮ್ಮ ಕಷ್ಟ ಮೇನಲ್ಲಿ ಮುಗಿಯುತ್ತದೆ. ನಮ್ಮದು ಜೂನ್‌ನಲ್ಲಿ ಶುರು. ರಾತ್ರಿಯೂ 75 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಹೂವು ಉದುರುತ್ತದೆ ಹೊರತು ಕಾಯಿ ಕಚ್ಚುವುದಿಲ್ಲ. ಹಾಗಾಗಿ ಟೆಕ್ಸಾಸ್‌ನವರ ತಾರೀಖು ನೋಡಿ ನೀವು ಏನೂ ಮಾಡಬೇಡಿ. ಇಲ್ಲಿ ನಿಮ್ಮ ಕಡೆಯವರು ಒಬ್ಬರಿದ್ದಾರೆ, ಆರೋರಾ ಅಕ್ಕ. ಅವರು ಬರುತ್ತಾರೆ, ಕಾಯಿರಿ.

---

ಆರೋರಾ ಹಿತ್ತಲು · ಏಪ್ರಿಲ್ 15

ಬಂದೆ. ನಾನು ನಿಮ್ಮ ಪಕ್ಕದ ಊರಿನವಳೇ. ಮೂಲ ಅರಸೀಕೆರೆ ಕಡೆ. ಇಲ್ಲಿ ಮನೆ ತಗೊಂಡಾಗಿನಿಂದ ಹಿತ್ತಲು ಮಾಡುತ್ತಿದ್ದೇನೆ.

ಮೊದಲು ಅಂಗಡಿ ವಿಷಯ. ಅವರು ಏಪ್ರಿಲ್‌ನಲ್ಲಿ ಟೊಮ್ಯಾಟೊ ಇಡುವುದು ಹವೆ ನೋಡಿ ಅಲ್ಲ, ನಿಮ್ಮಂಥವರ ಉತ್ಸಾಹ ನೋಡಿ. ಈಗ ತಗೊಂಡ ಗಿಡ ಹೋದರೆ ಮೇನಲ್ಲಿ ಮತ್ತೆ ಬಂದು ತಗೊಳ್ಳುತ್ತೀರಿ. ಅವರಿಗೇನು ನಷ್ಟ?

ನಮ್ಮಪ್ಪ ಮಳೆ ನಕ್ಷತ್ರದ ಲೆಕ್ಕದಲ್ಲೇ ಬಿತ್ತನೆ ಮಾಡುತ್ತಿದ್ದರು. ನನಗೂ ಅದೇ ಬಾಯಲ್ಲಿ ನಿಂತಿದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಊರಲ್ಲಿ "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರೆ. ಭರಣಿ ಅಂದರೆ ಏಪ್ರಿಲ್ ಕೊನೆಯಿಂದ ಮೇ 10ರವರೆಗೆ. ಇಲ್ಲಿ ಆ ಗಾದೆ ನಂಬಿ ಬದನೆ ನೆಟ್ಟರೆ ಧರಣಿಯೂ ಇಲ್ಲ, ಬೆಳೆಯೂ ಇಲ್ಲ. ಕೃತ್ತಿಕೆ ಹುಟ್ಟಲಿ, ಮೇ 11ರ ಸುಮಾರಿಗೆ. ಇಲ್ಲಿನವರು ಮದರ್ಸ್ ಡೇ ಆದಮೇಲೆ ನೆಡಿ ಅಂತಾರಲ್ಲ, ಅದು ಮೇ ಎರಡನೇ ಭಾನುವಾರ. ಎರಡೂ ಹೆಚ್ಚುಕಡಿಮೆ ಒಂದೇ ವಾರಕ್ಕೆ ಬರುತ್ತವೆ. ಟೊಮ್ಯಾಟೊಗೆ ಅದು ಸಾಕು. ಬದನೆ, ಮೆಣಸಿನಕಾಯಿ ಇನ್ನೊಂದು ವಾರ ತಡೆಯಲಿ. ಬೆಂಡೆ, ಹೀರೆ, ಪಡವಲ, ಬಸಳೆ ಇವೆಲ್ಲ ರೋಹಿಣಿಗೆ, ಅಂದರೆ ಮೇ 25 ಕಳೆದಮೇಲೆ. ಯಾಕೆಂದರೆ ಇವಕ್ಕೆ ಬರೀ ಫ್ರಾಸ್ಟ್ ತಪ್ಪಿದರೆ ಸಾಲದು. ರಾತ್ರಿ 50 ಡಿಗ್ರಿಗಿಂತ ಕೆಳಗೆ ಹೋಗುತ್ತಿದ್ದರೆ ಬದನೆ ಸಾಯುವುದಿಲ್ಲ, ಆದರೆ ಮುನಿಸಿಕೊಂಡು ಕೂತುಬಿಡುತ್ತದೆ. ಮೇ 5ಕ್ಕೆ ನೆಟ್ಟ ಬದನೆಯನ್ನು ಮೇ 22ಕ್ಕೆ ನೆಟ್ಟದ್ದು ಜೂನ್ ಕೊನೆಯಲ್ಲಿ ಹಿಂದೆ ಹಾಕುತ್ತದೆ. ಬೆಂಡೆ ಬೀಜಕ್ಕೆ ಮಣ್ಣೇ 65 ಡಿಗ್ರಿ ಬೇಕು. ತಣ್ಣನೆ ಒದ್ದೆ ಮಣ್ಣಲ್ಲಿ ಹಾಕಿದರೆ ಕೊಳೆಯುತ್ತದೆ. ಅಡುಗೆಮನೆಯ ಕಡ್ಡಿ ಥರ್ಮಾಮೀಟರ್ ಇದ್ದರೆ ಬೆಳಗ್ಗೆ ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ. ಮಧ್ಯಾಹ್ನ ನೋಡಿದರೆ ಮೋಸ.

ಈಗ ನಿಮ್ಮ 36 ಡಿಗ್ರಿ. ಇದು ತುಂಬಾ ಜನ ಎಡವುವ ಜಾಗ. ಹವಾಮಾನದವರು ಹೇಳುವ ಉಷ್ಣತೆ ನೆಲದಿಂದ ಸುಮಾರು ಐದು ಅಡಿ ಮೇಲಿನದು. ನಿಮ್ಮ ಸಸಿ ಇರುವುದು ನೆಲದ ಮಟ್ಟದಲ್ಲಿ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲದ ಕಾವು ನೇರ ಆಕಾಶಕ್ಕೆ ಹೋಗುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತದೆ. ಫೋನ್‌ನಲ್ಲಿ 36 ಇದ್ದಾಗ ಹುಲ್ಲಿನ ಮೇಲೆ 31 ಇರಬಹುದು. ಅದೇ 36 ಮೋಡ ಕವಿದ ರಾತ್ರಿಯಾದರೆ ಏನೂ ಆಗುವುದಿಲ್ಲ. ಹಾಗಾಗಿ ನಾನು ಅಂಕಿ ನೋಡಿದಮೇಲೆ ಹೊರಗೆ ಬಂದು ತಲೆ ಎತ್ತಿ ನೋಡುತ್ತೇನೆ. ನಕ್ಷತ್ರ ಫಳಫಳ ಅಂತಿದ್ದು, ಎಲೆ ಅಲ್ಲಾಡದೆ ನಿಂತಿದ್ದರೆ ಬೆಡ್‌ಶೀಟ್ ತೆಗೆಯುತ್ತೇನೆ. ನಿಮ್ಮ ಜಾಗ ತಗ್ಗಿನಲ್ಲಿದ್ದರೆ ಇನ್ನೂ ಜೋಪಾನ. ಚಳಿಗಾಳಿ ನೀರಿನ ಹಾಗೇ ತಗ್ಗಿಗೆ ಹರಿದು ನಿಲ್ಲುತ್ತದೆ. ನನ್ನ ಹಿತ್ತಲಲ್ಲೇ ಮೇಲಿನ ಮಡಿ ಸರಿಯಿದ್ದು ಕೆಳಗಿನ ಮೂಲೆ ಕಪ್ಪಗಾದದ್ದುಂಟು. ಮಿಶಿಗನ್ ಸರೋವರದ ಪಕ್ಕ ಇರುವವರ ತಾರೀಖೂ ನಮ್ಮದೂ ಒಂದೇ ಅಲ್ಲ. ಶಿಕಾಗೋ ಊರೊಳಗೆ ಮುಗಿದ ಫ್ರಾಸ್ಟ್ ನಮ್ಮ ಪಶ್ಚಿಮದ ಕಡೆ ಮತ್ತೊಮ್ಮೆ ಬಂದು ಹೋಗುತ್ತದೆ.

ಹೊದಿಸುವ ರೀತಿ ಹೇಳುತ್ತೇನೆ. ಸಂಜೆ ಬಿಸಿಲು ಇಳಿಯುವ ಮುಂಚೆ ಮಣ್ಣಿಗೆ ನೀರು ಹಾಕಿ. ಒದ್ದೆ ಮಣ್ಣು ಹಗಲಿನ ಕಾವು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಹಳೇ ಹತ್ತಿ ಬೆಡ್‌ಶೀಟ್ ತಂದು ಗಿಡದ ಮೇಲಿಂದ ನೆಲದ ತನಕ ಇಳಿಬಿಟ್ಟು ಅಂಚಿಗೆ ಕಲ್ಲಿಡಿ. ನೆಲದ ತನಕ ಅನ್ನುವುದು ಮುಖ್ಯ. ಗಿಡಕ್ಕೆ ಬಟ್ಟೆ ಬೆಚ್ಚಗೆ ಕೊಡುವುದಿಲ್ಲ, ನೆಲದಿಂದ ಬರುವ ಕಾವನ್ನು ತಡೆದು ನಿಲ್ಲಿಸುತ್ತದೆ ಅಷ್ಟೆ. ಕೆಲವರು ಗಿಡದ ತಲೆಗೆ ಮಾತ್ರ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಕಟ್ಟುತ್ತಾರೆ. ನೋಡೋಕೆ ಚೆಂದ, ಉಪಯೋಗ ಸೊನ್ನೆ. ಬೆಳಗ್ಗೆ ಬಿಸಿಲು ಬಂದಮೇಲೆ ತೆಗೆದುಬಿಡಿ. ಒಂದೆರಡು ಗಿಡಕ್ಕಾದರೆ ಹಾಲಿನ ಗ್ಯಾಲನ್ ಕ್ಯಾನ್‌ನ ತಳ ಕತ್ತರಿಸಿ ಬೋರಲು ಹಾಕಿದರೂ ಆಯ್ತು. ಬೆಳಗ್ಗೆ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಬೇಯುತ್ತದೆ.

ನಿಮ್ಮ ಕಿಟಕಿ ಸಸಿಗಳನ್ನು ಒಮ್ಮೆಲೇ ಹೊರಗೆ ನೆಡಬೇಡಿ. ಮೇ ಶುರುವಿಂದ ಒಂದು ವಾರ ಹತ್ತು ದಿನ ಅಭ್ಯಾಸ ಮಾಡಿಸಿ. ಮೊದಲು ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಇಡೀ ದಿನ. ಲೈಟ್ ಕೆಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಬಿದ್ದರೆ ಕಾಗದದ ಹಾಗೆ ಬಿಳಿಚುತ್ತದೆ. ಚಳಿಗಿಂತ ಗಾಳಿಯೇ ಇಲ್ಲಿ ಜಾಸ್ತಿ ಹಾಳು ಮಾಡುವುದು. ಸಸಿ ಅಷ್ಟರಲ್ಲಿ ಉದ್ದ ಆದರೆ ಟೊಮ್ಯಾಟೊ ಮಾತ್ರ ದೊಡ್ಡ ಕುಂಡಕ್ಕೆ ಕುತ್ತಿಗೆ ತನಕ ಹೂತು ಹಾಕಿ, ಕಾಂಡದಲ್ಲೇ ಬೇರು ಬಿಡುತ್ತದೆ. ಬದನೆಗೆ ಇದು ನಡೆಯುವುದಿಲ್ಲ.

ಕೈ ಸುಮ್ನೆ ಇರಲ್ಲ ಅಂದರೆ ಇವತ್ತೇ ಮೆಂತ್ಯ ಹಾಕಿ. ಮೆಂತ್ಯ, ಪಾಲಕ್, ಸಬ್ಬಸಿಗೆ, ಮೂಲಂಗಿ, ಬಟಾಣಿ, ಕೊತ್ತಂಬರಿ ಇವೆಲ್ಲ ಸಣ್ಣ ಫ್ರಾಸ್ಟ್‌ಗೆ ಜಗ್ಗುವುದಿಲ್ಲ. ಮೆಂತ್ಯಕ್ಕೆ ಬೀಜದ ಪ್ಯಾಕೆಟ್ ಬೇಡ, ಅಡುಗೆಮನೆ ಡಬ್ಬಿಯದ್ದೇ ಸಾಕು. ಧನಿಯ ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಕೊತ್ತಂಬರಿಯನ್ನು ಈಗಲೇ ಮುಗಿಸಿಕೊಳ್ಳಿ, ಜೂನ್ ಬಿಸಿಲಿಗೆ ಹೂವು ಬಿಟ್ಟು ಮುಗಿಯುತ್ತದೆ. ಅಮ್ಮ ಬರುವ ಹೊತ್ತಿಗೆ ಎರಡನೇ ಸಲ ಹಾಕಿದ ಮೆಂತ್ಯ ಸಿಗುತ್ತದೆ. ದಂಟು ಮಾತ್ರ ಈಗ ಬೇಡ, ಅದು ಸೆಖೆಯ ಸೊಪ್ಪು.

ಹುಳದ ವಿಷಯ ರಾತ್ರಿ ಬರೆಯುತ್ತೇನೆ. ಒಲೆ ಮೇಲೆ ಸಾರಿದೆ.

---

ಜರ್ಸಿ ಜಗಲಿ · ಏಪ್ರಿಲ್ 15

ಅಕ್ಕ, ಬೆಡ್‌ಶೀಟ್ ಒದ್ದೆ ಆಗುತ್ತದೆ ಅಂತ ನಾನು ಪ್ಲಾಸ್ಟಿಕ್ ಹೊದಿಸುತ್ತೇನೆ. ಅದು ಆಗಲ್ವಾ?

ಬೀಜದ ಪ್ರಶ್ನೆಗೆ ನಾನು ಹೇಳುತ್ತೇನೆ. ಸುಮ್ನೆ ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ಬಿತ್ತುವ ಬೀಜಕ್ಕೆ ಅಲ್ಲಿನ ಸರ್ಕಾರ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲವೇ ಇಲ್ಲಿನ ಕೃಷಿ ಇಲಾಖೆಯ ಪರ್ಮಿಟ್ ಬೇಕು. ಸಣ್ಣ ಪ್ರಮಾಣದ ಬೀಜಕ್ಕೇ ಅಂತ ಒಂದು ಪರ್ಮಿಟ್ ಇದೆ. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ, ಒಂದೇ ಜಾತಿಯದ್ದು, ಮೇಲೆ ಗಿಡದ ವೈಜ್ಞಾನಿಕ ಹೆಸರು. ಮಣ್ಣು, ಸಿಪ್ಪೆ, ಔಷಧಿ ಪುಡಿ ಇರಬಾರದು. ಬೀಜ ಬೀಜಕ್ಕೂ ನಿಯಮ ಬೇರೆ ಇದೆ, ಮೊದಲೇ ನೋಡಿಕೊಳ್ಳಿ. ಪರ್ಮಿಟ್ ಇರಲಿ, ಇಲ್ಲದಿರಲಿ, ಅಮ್ಮ ಕಸ್ಟಮ್ಸ್‌ನವರಿಗೆ ಬೀಜ ಇದೆ ಅಂತ ಹೇಳಲೇಬೇಕು. ಹೇಳಿದರೆ ಹೆಚ್ಚೆಂದರೆ ಬೀಜ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ವಯಸ್ಸಾದವರನ್ನು ಏರ್‌ಪೋರ್ಟ್‌ನಲ್ಲಿ ಅಷ್ಟು ಹೊತ್ತು ನಿಲ್ಲಿಸುವುದು ಯಾಕೆ ಬೇಕು? ಹೀರೆ, ಪಡವಲ, ಬೆಂಡೆ ಎಲ್ಲ ಇಲ್ಲೇ ಆನ್‌ಲೈನ್‌ನಲ್ಲಿ ಸಿಗುತ್ತದೆ.

---

ಆರೋರಾ ಹಿತ್ತಲು · ಏಪ್ರಿಲ್ 15

ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಎಲೆ ಸುಡುತ್ತದೆ ಜರ್ಸಿಯವರೇ. ಕಂಬಿ ಬಗ್ಗಿಸಿ ಕಮಾನು ಮಾಡಿ ಅದರ ಮೇಲೆ ಹಾಕಿದರೆ ಸರಿ. ಬೆಳಗ್ಗೆ ತೆಗೆಯಲು ಮರೆತು ಆಫೀಸಿಗೆ ಹೋದಿರೋ, ಸಂಜೆಗೆ ಬೇಯಿಸಿದ ಪಲ್ಯ.

ಈಗ ಹುಳ. ನೇಪರ್‌ವಿಲ್‌ನವರೇ, ನಿಮಗೆ ನನ್ನ ಒಂದೇ ಸಲಹೆ ತಗೊಳ್ಳಿ ಅಂದರೆ ಇದು: ಬಿಳಿ ರೋ ಕವರ್ ಬಟ್ಟೆ ಒಂದು ಸುರುಳಿ ತನ್ನಿ. ತೆಳ್ಳಗೆ, ಸೊಳ್ಳೆಪರದೆಗಿಂತ ಸ್ವಲ್ಪ ದಟ್ಟ. ಬಿಸಿಲೂ ಮಳೆಯೂ ಒಳಗೆ ಹೋಗುತ್ತದೆ, ಹುಳ ಹೋಗುವುದಿಲ್ಲ. ತೆಳುವಾದದ್ದು ಎರಡು ಮೂರು ಡಿಗ್ರಿ ಚಳಿಯನ್ನೂ ತಡೆಯುತ್ತದೆ. ಮೇನಲ್ಲಿ ಚಳಿಗೆ ಅಂತ ಹಾಕಿದ ಬಟ್ಟೆಯೇ ಜೂನ್‌ನಲ್ಲಿ ಹುಳಕ್ಕೆ ಆಗುತ್ತದೆ. ಔಷಧಿ ಹೊಡೆಯುವ ಕೆಲಸ ಅರ್ಧಕ್ಕೆ ಅರ್ಧ ಕಡಿಮೆ.

ಯಾಕೆ ಅಂದರೆ ಇಲ್ಲಿ ಬದನೆಯ ಮೊದಲ ಶತ್ರು ಫ್ಲೀ ಬೀಟಲ್. ಸಾಸಿವೆ ಕಾಳಿಗಿಂತ ಚಿಕ್ಕದು, ಕಪ್ಪಗೆ ಹೊಳೆಯುತ್ತದೆ. ಬೆರಳು ಹತ್ತಿರ ಒಯ್ದರೆ ಟಪ್ ಅಂತ ಹಾರುತ್ತದೆ. ನೆಟ್ಟ ಮೂರನೇ ದಿನಕ್ಕೆ ಎಲೆ ಎತ್ತಿ ಬೆಳಕಿಗೆ ಹಿಡಿದರೆ ಜರಡಿ ಆಗಿರುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ, ಎಳೆ ಸಸಿ ತಡೆಯುವುದಿಲ್ಲ. ಅದಕ್ಕೇ ನೆಟ್ಟ ದಿನವೇ, ಆ ಗಳಿಗೆಯಲ್ಲೇ ಬಟ್ಟೆ ಹೊದಿಸಿ ಅಂಚಿಗೆ ಮಣ್ಣು ಎಳೆಯಬೇಕು. ನಾಳೆ ಮಾಡೋಣ ಅಂದರೆ ಹುಳ ಒಳಗೆ, ನೀವು ಹೊರಗೆ.

ಒಂದು ಷರತ್ತು ಇದೆ. ಈ ಹುಳ ಚಳಿಗಾಲ ಕಳೆಯುವುದು ಮಣ್ಣಲ್ಲಿ, ಹಳೇ ಕಸದಡಿ. ಹೋದ ವರ್ಷ ಬದನೆ ಇದ್ದ ಮಡಿಯಲ್ಲೇ ಮತ್ತೆ ಬದನೆ ನೆಟ್ಟು ಬಟ್ಟೆ ಹೊದಿಸಿದರೆ ಹುಳಕ್ಕೆ ಮನೆ ಕಟ್ಟಿಕೊಟ್ಟು ಊಟ ಬಡಿಸಿದ ಹಾಗೆ. ಆ ಒಣಕಡ್ಡಿ ಕಿತ್ತು ಬಿಸಾಡಿ, ಆ ಮಡಿಗೆ ಸೊಪ್ಪು ಅಥವಾ ಬೀನ್ಸ್ ಹಾಕಿ. ಬದನೆ ಇನ್ನೊಂದು ಮಡಿಗೆ ಹೋಗಲಿ. ಟೊಮ್ಯಾಟೊ, ಮೆಣಸಿನಕಾಯಿಯೂ ಬದನೆಯ ಕುಲವೇ, ಅದೂ ಲೆಕ್ಕದಲ್ಲಿರಲಿ.

ಹೂವು ಬರುವ ಹೊತ್ತಿಗೆ ಬಟ್ಟೆ ತೆಗೆಯಬೇಕು. ಸೌತೆ, ಕುಂಬಳ, ಹೀರೆಗೆ ಜೇನು, ದುಂಬಿ ಬಾರದೆ ಕಾಯಿ ನಿಲ್ಲುವುದಿಲ್ಲ.

ಬೆಳಗ್ಗೆ ಎದ್ದು ನೋಡಿದಾಗ ಸಸಿ ಬುಡದಲ್ಲಿ ಕತ್ತರಿಸಿ ಪಕ್ಕದಲ್ಲೇ ಮಲಗಿದ್ದರೆ ಅದು ಕಟ್‌ವರ್ಮ್, ಮಣ್ಣಲ್ಲಿ ಸುರುಳಿ ಸುತ್ತಿ ಮಲಗುವ ಬೂದು ಹುಳ. ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟನ್ನು ಸಸಿ ಸುತ್ತ ಒಂದಿಂಚು ಮಣ್ಣಿಗೆ ಇಳಿಸಿ ಇಟ್ಟರೆ ಆಯ್ತು. ಸಸಿಯ ತುದಿ ಕಾಣೆಯಾಗಿ, ಚಾಕುವಿನಲ್ಲಿ ಓರೆಯಾಗಿ ಕತ್ತರಿಸಿದ ಹಾಗಿದ್ದರೆ ಮಗಳ ಸ್ನೇಹಿತರು ಬಂದಿದ್ದರು ಅಂತ ಅರ್ಥ. ಮೊಲಕ್ಕೆ ಖಾರದ ಪುಡಿ, ಬೆಳ್ಳುಳ್ಳಿ ನೀರು, ಕೂದಲು ಅಂತ ಜನ ಏನೇನೋ ಹೇಳುತ್ತಾರೆ. ಒಂದು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ. ಎರಡಡಿ ಎತ್ತರದ ಕೋಳಿ ಬಲೆ ತನ್ನಿ, ಕಣ್ಣು ಒಂದಿಂಚಿಗಿಂತ ದೊಡ್ಡದಿರಬಾರದು. ಮರಿಗಳು ನುಸುಳುತ್ತವೆ. ಕೆಳ ಅಂಚನ್ನು ಕೆಲವು ಇಂಚು ಮಣ್ಣಲ್ಲಿ ಹೂತುಬಿಡಿ. ಗೂಟ ಹೊಡೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕೇಬಲ್ ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ.

ಬೇವಿನೆಣ್ಣೆ ಎಲ್ಲರೂ ಕೇಳುತ್ತಾರೆ. ಎಲೆಯಡಿ ಹೇನು ಕೂತಾಗ ನಾನು ಮೊದಲು ನೀರಿನ ಪೈಪ್ ಹಿಡಿದು ಜೋರಾಗಿ ಹೊಡೆಯುತ್ತೇನೆ. ಅದಕ್ಕೇ ಮುಕ್ಕಾಲು ಪಾಲು ಉದುರುತ್ತದೆ. ಎರಡು ದಿನ ಬಿಟ್ಟು ಮತ್ತೆ. ಆಮೇಲೂ ಇದ್ದರೆ ಬೇವಿನೆಣ್ಣೆ, ಅದೂ ಸಂಜೆ, ಜೇನು ಮನೆ ಸೇರಿದಮೇಲೆ. ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ.

---

ಜರ್ಸಿ ಜಗಲಿ · ಏಪ್ರಿಲ್ 16

ಜಪಾನೀಸ್ ಬೀಟಲ್ ಮರೆತಿರಿ ಅಕ್ಕ! ನಮ್ಮ ಊರಿನ ಕೊಡುಗೆ ಅದು. 1916ರಲ್ಲಿ ನ್ಯೂಜೆರ್ಸಿಯ ರಿವರ್ಟನ್ ಹತ್ತಿರ ಮೊದಲು ಕಂಡದ್ದು. ಜುಲೈನಲ್ಲಿ ಬರುತ್ತದೆ, ತಾಮ್ರದ ಬಣ್ಣದ ಬೆನ್ನು, ಹಸಿರು ತಲೆ. ಬೀನ್ಸ್, ಗುಲಾಬಿ ಎಲೆಯ ನರ ಮಾತ್ರ ಬಿಡುತ್ತದೆ. ಬೆಳಗ್ಗೆ ಬೇಗ ಮಂಕಾಗಿ ಕೂತಿರುವಾಗ ಸೋಪ್ ನೀರಿನ ಡಬ್ಬ ಕೆಳಗೆ ಹಿಡಿದು ಎಲೆ ತಟ್ಟಿದರೆ ಅವೇ ಬೀಳುತ್ತವೆ. ಅಂಗಡಿಯಲ್ಲಿ ಸಿಗುವ, ವಾಸನೆಯಿಂದ ಹುಳ ಸೆಳೆದು ಹಿಡಿಯುವ ಚೀಲ ಮಾತ್ರ ಕಟ್ಟಬೇಡಿ. ಅದು ಊರಿನ ಹುಳವನ್ನೆಲ್ಲ ನಿಮ್ಮ ಹಿತ್ತಲಿಗೆ ಕರೆಯುತ್ತದೆ. ಎದುರು ಮನೆಯವರಿಗೆ ಉಡುಗೊರೆ ಕೊಡಿ.

---

ಮಾಗಡಿ ರೋಡ್ · ಏಪ್ರಿಲ್ 16

ನಾನು ಇರುವುದು ಬೆಂಗಳೂರಲ್ಲೇ, ನಿಮ್ಮ ಹಿಮದ ಬಗ್ಗೆ ಮಾತಾಡಲ್ಲ. ಅವರೆಕಾಯಿ ಅಂದದ್ದಕ್ಕೆ ಬಂದೆ. ನಮ್ಮ ಸೊಗಡಿನ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂವು ಬಿಡುವ ಗಿಡ. ಅದಕ್ಕೇ ಇಲ್ಲಿ ಮಳೆಗಾಲದಲ್ಲಿ ಬಿತ್ತಿದ್ದು ಸಂಕ್ರಾಂತಿ ಹೊತ್ತಿಗೆ ಕಾಯಿ. ಬೆಂಗಳೂರಿನ ಜೂನ್ ಹಗಲೇ ಹದಿಮೂರು ಗಂಟೆ ಮುಟ್ಟಲ್ಲ, ನಿಮ್ಮ ಶಿಕಾಗೋದ್ದು ಹದಿನೈದು ಗಂಟೆ ದಾಟುತ್ತದೆ. ನಿಮ್ಮಲ್ಲಿ ಅವರೆ ಬಳ್ಳಿ ಬೇಲಿ ಮುಚ್ಚುವಷ್ಟು ಹಬ್ಬುತ್ತದೆ, ಹೂವಿಗೆ ಸೆಪ್ಟೆಂಬರ್ ಆಗುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಅಕ್ಟೋಬರ್, ಫ್ರಾಸ್ಟ್ ಬಂತು. ನಿಮಗೆ ಬೇಕಾದ್ದು ಹಗಲಿನ ಲೆಕ್ಕ ನೋಡದ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್. ಇವು ಗಿಡ್ಡ ಗಿಡ, ಚಪ್ಪರ ಬೇಡ. ಸೊಗಡು ಸ್ವಲ್ಪ ಕಡಿಮೆ ಅಂತ ನಮ್ಮಮ್ಮ ಗೊಣಗುತ್ತಾರೆ. ಆದರೆ ಕಾಯಿ ಇಲ್ಲದ ಸೊಗಡಿಗಿಂತ ವಾಸಿ ಅಲ್ವಾ?

---

ಆರೋರಾ ಹಿತ್ತಲು · ಏಪ್ರಿಲ್ 16

ಮಾಗಡಿ ರೋಡ್ ಅವರು ಹೇಳಿದ್ದು ನೂರಕ್ಕೆ ನೂರು. ಇಲ್ಲಿ ಹಯಸಿಂತ್ ಬೀನ್ ಅಂತ ಅಂದಕ್ಕೆ ಬೆಳೆಸುವ ನೇರಳೆ ಬಳ್ಳಿ ಮಾರುತ್ತಾರೆ, ಅದೂ ಅವರೆಯೇ. ಬೇಸಿಗೆ ಕೊನೆಗೆ ಹೂವು ಬಿಡುತ್ತದೆ. ಎಳೆ ಕಾಯಿ ಪಲ್ಯಕ್ಕೆ ಆಗುತ್ತದೆ. ಬಲಿತ ಒಣಕಾಳನ್ನು ಮಾತ್ರ ಚೆನ್ನಾಗಿ ಕುದಿಸಿ ನೀರು ಚೆಲ್ಲದೆ ತಿನ್ನಬೇಡಿ, ಹಸಿಯಲ್ಲಿ ವಿಷದ ಅಂಶ ಇರುತ್ತದೆ.

---

ನೇಪರ್‌ವಿಲ್ ಹೊಸಬ · ಏಪ್ರಿಲ್ 17

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬದನೆ ಕಡ್ಡಿ ಕಿತ್ತಾಯ್ತು. ಆ ಮಡಿಯಲ್ಲಿ ಮಗಳ ಕೈಯಲ್ಲೇ ಮೆಂತ್ಯ ಹಾಕಿಸಿದೆ, ಅರ್ಧ ಡಬ್ಬಿ ಖಾಲಿ ಮಾಡಿದಳು. ಹೆಂಡತಿ ಕೇಳುತ್ತಿದ್ದಾಳೆ, ಕರಿಬೇವು ಗಿಡ ಎಲ್ಲಿಂದ ತರಿಸುವುದು? ಫ್ಲೋರಿಡಾದಲ್ಲಿರುವ ಸ್ನೇಹಿತರೊಬ್ಬರು ತಮ್ಮ ಮನೆಯ ಗಿಡದ ಮರಿ ಪೋಸ್ಟ್‌ನಲ್ಲಿ ಕಳಿಸುತ್ತೇನೆ ಅಂದಿದ್ದಾರೆ. ತರಿಸಿ ಈಗಲೇ ಹೊರಗಿಡಬಹುದಾ?

---

ಆರೋರಾ ಹಿತ್ತಲು · ಏಪ್ರಿಲ್ 17

ಫ್ಲೋರಿಡಾದಿಂದ ಬೇಡವೇ ಬೇಡ. ಕಿತ್ತಳೆ, ನಿಂಬೆ ತೋಟ ಹಾಳು ಮಾಡುವ ಗ್ರೀನಿಂಗ್ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಚಿಗುರಲ್ಲೂ ಮರಿ ಮಾಡುತ್ತದೆ. ಅದಕ್ಕೇ ಆ ಕೀಟ ಇರುವ ರಾಜ್ಯಗಳಿಂದ ಕರಿಬೇವು ಗಿಡ ಹೊರಗೆ ಕಳಿಸಲು ಕಟ್ಟುನಿಟ್ಟು ಇದೆ, ಮನೆಯಿಂದ ಪೋಸ್ಟ್ ಮಾಡುವ ಹಾಗಿಲ್ಲ. ಪ್ರಮಾಣಪತ್ರ ಇರುವ ನರ್ಸರಿಯಿಂದ ತಗೊಳ್ಳಿ, ಇಲ್ಲ ಇಲ್ಲಿನ ಯಾರದ್ದಾದರೂ ಮನೆಯ ಮರಿ ತಗೊಳ್ಳಿ. ನನ್ನ ಗಿಡದ ಬುಡದಲ್ಲಿ ಎರಡು ಮರಿ ಎದ್ದಿವೆ, ಒಂದು ನಿಮಗೆ. ಈಗ ಅದು ಒಳಗೇ ಇದೆ. ರಾತ್ರಿ 50ರ ಮೇಲೆ ನಿಂತಮೇಲೆ ಹೊರಗೆ ಬರುತ್ತದೆ, ಸೆಪ್ಟೆಂಬರ್ ಕೊನೆಗೆ ಮತ್ತೆ ಒಳಗೆ. ಮೇ ಕೊನೆಯ ವಾರ ಬಂದು ತಗೊಂಡು ಹೋಗಿ, ಬರುವಾಗ ಒಂದು ಖಾಲಿ ಕುಂಡ ತನ್ನಿ. ಮತ್ತೆ ಇವತ್ತು ಶುಕ್ರವಾರ, ನಿಮ್ಮ 36 ಡಿಗ್ರಿ ರಾತ್ರಿ. ಮೆಂತ್ಯ ಬಿಡಿ, ಅದಕ್ಕೇನೂ ಆಗಲ್ಲ. ಕಿಟಕಿಯ ಸಸಿಗಳು ಗಾಜಿಗೆ ತಾಗಿದ್ದರೆ ಮಾತ್ರ ಒಂದು ಗೇಣು ಒಳಗೆ ಸರಿಸಿ.